ಪರದೇಶದ ಮೊದಲ ಪೆಟ್ಟು ವಾರ್ಡಿನಲ್ಲೇ ಬೀಳುತ್ತದೆ

ಜರ್ಮನಿಗೆ ಹೊರಟ ನರ್ಸ್‌ಗಳಿಗೆ ಕಲಬುರಗಿಯಲ್ಲಿ ತರಬೇತಿ ಕೊಡುವುದು ನನ್ನ ಕೆಲಸ. ಬೀದರ್, ಯಾದಗಿರಿ, ಸೇಡಂ ಕಡೆಯ ಹುಡುಗಿಯರೇ ಹೆಚ್ಚು. ಹೊರಡುವ ಮುಂಚೆ ಎಲ್ಲರಿಗೂ ಚಳಿ, ಊಟದ್ದೇ ಚಿಂತೆ: ಜೋಳದ ಹಿಟ್ಟು ಸಿಗುತ್ತದಾ, ಶೇಂಗಾ ಹಿಂಡಿ ಒಯ್ಯಬಹುದಾ. ಹೋಗಿ ಎರಡು ಮೂರು ತಿಂಗಳಾದ ಮೇಲೆ ಬರುವ ವಾಯ್ಸ್ ಮೆಸೇಜ್‌ಗಳಲ್ಲಿ ಆ ಮಾತೇ ಇರುವುದಿಲ್ಲ. ಆಳಂದ ಕಡೆಯ ಹುಡುಗಿಯೊಬ್ಬಳು ಅಳುತ್ತ ಕೇಳಿದ್ದು ಇಷ್ಟೇ: "ಮೇಡಂ, ನಾ ಇಲ್ಲಿ ನರ್ಸ್ ಅದೀನೋ, ಆಯಾ ಅದೀನೋ?"

ನಮ್ಮಲ್ಲಿ ಪೇಷೆಂಟಿನ ಮೈ ಒರೆಸುವುದು, ಗಂಜಿ ಕುಡಿಸುವುದು ಮನೆಯವರ ಇಲ್ಲವೇ ಆಯಾಗಳ ಪಾಲು. ಸಲೈನ್, ಇಂಜೆಕ್ಷನ್, ಚಾರ್ಟ್ ನರ್ಸ್ ಪಾಲು. ಜರ್ಮನಿಯಲ್ಲಿ ಹಗಲೂ ರಾತ್ರಿ ಹಾಸಿಗೆ ಪಕ್ಕ ಕೂರುವ ಬಂಧುಗಳಿಲ್ಲ. ಮೈ ತೊಳೆಸುವುದು, ಉಣಿಸುವುದು, ಹಲ್ಲಿನ ಸೆಟ್ ತೊಳೆಯುವುದು ಎಲ್ಲ ನರ್ಸ್ ಕೆಲಸ. ಸೂಜಿ ಚುಚ್ಚಿ ಸಲೈನ್ ಲೈನ್ ಹಾಕುವುದು ಎಷ್ಟೋ ಕಡೆ ಡಾಕ್ಟರದು. ಬಿ.ಎಸ್ಸಿ. ನರ್ಸಿಂಗ್ ಓದಿ, ಬಿ2 ಮಟ್ಟದ (ಸರಾಗವಾಗಿ ಮಾತಾಡುವಷ್ಟು) ಜರ್ಮನ್ ಪಾಸಾಗಿ ಹೋದವಳಿಗೆ ಇದು ಅವಮಾನ ಅನ್ನಿಸುವುದು ಸಹಜ.

ಅದಕ್ಕೇ ತರಬೇತಿಯಲ್ಲಿ ಮೈ ಒರೆಸುವುದನ್ನೇ ಮೊದಲು ಹಿಡಿಯುತ್ತೇನೆ. ಒಬ್ಬಳು ಮಲಗಬೇಕು, ಇನ್ನೊಬ್ಬಳು ಒರೆಸಬೇಕು. ಹಿಮ್ಮಡಿ ನೋಡಬೇಕು, ಟೊಂಕದ ಕೆಳಗಿನ ಮೂಳೆ ನೋಡಬೇಕು. ಕೆಂಪಾದ ಜಾಗ ಕಂಡರೆ ಬೆರಳಿಂದ ಒತ್ತಿ ಬಿಡಬೇಕು. ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಶುರುವಾಗಿದೆ. ಏದುಸಿರು, ತೊದಲು ಮಾತು, ಮಂಕು ಎಲ್ಲ ಗೊತ್ತಾಗುವುದು ಆಗಲೇ. ಪೇಷೆಂಟನ್ನು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಅನ್ನುವುದು ಕೈಗೆ ಒಗ್ಗಿಹೋದವರು ಅಲ್ಲಿ ಬೇಗ ಚೇತರಿಸಿಕೊಳ್ಳುತ್ತಾರೆ.

ಇನ್ನು ತಲೆಯಾಡಿಸುವ ಅಭ್ಯಾಸ. ದೊಡ್ಡವರ ಮುಂದೆ ತಿಳಿಯದಿದ್ದರೂ "ಹೂಂ ರೀ" ಅಂದು ಸುಮ್ಮನಾಗುತ್ತೇವೆ. ಡ್ಯೂಟಿ ಬದಲಾಗುವಾಗ ಪೇಷೆಂಟಿನ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಹಾಗೆ ಮಾಡಿದರೆ ಔಷಧದ ಡೋಸೇ ತಪ್ಪೀತು. "ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ" ಎಂಬುದನ್ನು ಸಂಕೋಚ ಹೋಗುವವರೆಗೂ ಜರ್ಮನ್‌ನಲ್ಲಿ ಹೇಳಿಸುತ್ತೇನೆ.

ಒಂಟಿತನಕ್ಕೆ ಇಂಥ ತರಬೇತಿ ಸಾಲದು. ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ 4 ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಭಾನುವಾರ ಅಂಗಡಿ ಬಂದ್. ರಾತ್ರಿ 9ಕ್ಕೆ ಡ್ಯೂಟಿ ಮುಗಿಸಿ ಫೋನ್ ಹಿಡಿದರೆ ಚಳಿಗಾಲದಲ್ಲಿ ಇಲ್ಲಿ ಒಂದೂವರೆ, ಅವ್ವ ಮಲಗಿರುತ್ತಾಳೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ 1960ರಲ್ಲೇ ಪರದೇಶಕ್ಕೆ ಹೋದವರ ಮನಸ್ಸು ದಾಟುವ ಘಟ್ಟಗಳನ್ನು ಬರೆದಿಟ್ಟ: ಮೊದಲು ಎಲ್ಲ ಚೆಂದ, ಆಮೇಲೆ ಸಿಟ್ಟು, ನಮ್ಮ ದೇಶದವರೇ ಒಂದೆಡೆ ಕೂತು ಆ ದೇಶವನ್ನು ಬೈಯುವುದು, ಮುಂದೆ ನಿಧಾನಕ್ಕೆ ಹೊಂದಿಕೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಸಿಟ್ಟಿನ ಘಟ್ಟ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಆ ತಿಂಗಳುಗಳಲ್ಲಿ "ನನ್ನಿಂದಾಗದು" ಎಂದು ರಾಜೀನಾಮೆ ಬರೆಯುವ ಆತುರ ಕಡಿಮೆಯಾಗುತ್ತದೆ.

ಬ್ಯಾಚ್ ಹೊರಡುವ ಮುಂಚೆ ಮನೆಯವರನ್ನೂ ಕರೆಸುತ್ತೇನೆ. "ಮಗಳು ಫೋನಿನ್ಯಾಗ ಅತ್ತಳಂದ್ರ ತಟ್ಟನೆ 'ಬಂದುಬಿಡು' ಅನಬ್ಯಾಡ್ರಿ. ಏನಾತು ಅಂತ ಪೂರಾ ಕೇಳ್ರಿ. ಬ್ಯಾಸರ ಇದ್ರ ದಿನಾ ಮಾತಾಡ್ರಿ. ಪಗಾರ ಕೊಟ್ಟಿಲ್ಲ, ಪಾಸ್‌ಪೋರ್ಟ್ ಕಸ್ಕೊಂಡಾರ, ಯಾರೋ ಕಾಡ್ಲಿಕತ್ಯಾರ ಅಂದ್ರ ಅದು ಬ್ಯಾರೆ ಮಾತು. ಆವತ್ತೇ ನನಗ ತಿಳಸ್ರಿ."