ಲೆಕ್ಕಕ್ಕೆ ಬಾರದ ಬಸಿರು

ಇವತ್ತು ಚಳ್ಳಕೆರೆ ಕಡೆ ಒಂದು ಹಳ್ಳಿಯಲ್ಲಿ ಸರ್ವೆ ಇತ್ತು. "ಎಷ್ಟು ಸಲ ಬಸುರಾಗಿದ್ದೆ ತಂಗಿ?" ಅಂದೆ. ಶೇಂಗಾ ಸುಲಿಯುತ್ತಿದ್ದವಳು ಪಕ್ಕದಲ್ಲಿದ್ದ ಅತ್ತೆ ಮುಖ ನೋಡಿ "ಎರಡೇ ಅಕ್ಕಾ" ಅಂದಳು. ಅತ್ತೆ ನೀರು ತರೋಕೆ ಒಳಗೆ ಹೋದಾಗ, ಸುಲಿಯೋದು ನಿಲ್ಲಿಸಿ, ತಲೆ ಎತ್ತದೆ, "ಮೂರು ತಿಂಗಳಿಗೆ ಇನ್ನೊಂದು ಹೋಯ್ತು, ಕೂಲಿಗೆ ಹೋದಾಗ" ಅಂತ ಮೆಲ್ಲಗೆ ಹೇಳಿದಳು. ತಾಯಿ ಕಾರ್ಡ್ ಇನ್ನೂ ಮಾಡಿಸಿರಲಿಲ್ಲ, ಸ್ಕ್ಯಾನಿಂಗ್ ಆಗಿರಲಿಲ್ಲ, ಆಸ್ಪತ್ರೆಗೂ ಹೋಗಿಲ್ಲ. ಅಂದ್ರೆ ಯಾವ ದಾಖಲೆಯಲ್ಲೂ ಇಲ್ಲ.

ದೇಶ ದೇಶಗಳನ್ನು ಹೋಲಿಸುವಾಗ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯೋದು 28 ವಾರ ತುಂಬಿದ ಮೇಲೆ ಸತ್ತು ಹುಟ್ಟಿದ ಮಕ್ಕಳನ್ನು. ಅದಕ್ಕೂ ಮೊದಲು ಹೋದದ್ದನ್ನು ತಾಯಿಯೇ ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಕೇಳೋ ರೀತಿನೇ ಮುಖ್ಯ ಅಲ್ವಾ? ಅವಳು ಒಬ್ಬಳೇ ಇದ್ದಾಗ, ಅವಸರ ಮಾಡದೆ. ಒಂದೊಂದು ಮನೆಗೆ ಇಷ್ಟೇ ನಿಮಿಷ ಅಂತ ಕಟ್ಟುಹಾಕಿದರೆ ಇದೆಲ್ಲ ಹೇಗೆ ಹೊರಗೆ ಬರುತ್ತೆ?