ಎಳ್ಳು ಬೀರುವ ಮುಂಚಿನ ಎರಡು ವಾರ

ಸಂಕ್ರಾಂತಿಯ ಸಂಜೆ ಅಪಾರ್ಟ್‌ಮೆಂಟ್‌ಗಳಲ್ಲಿ ನಡೆಯುವುದು ಗೊತ್ತಿದ್ದದ್ದೇ. ಬೆಲ್ ಒತ್ತು, ಪೊಟ್ಟಣ ಕೊಡು, ಮುಂದಿನ ಬಾಗಿಲು. ಮಕ್ಕಳೆಲ್ಲ ಹೊರದೇಶದಲ್ಲಿರುವ ಅಜ್ಜಿಯ ಟೀಪಾಯಿ ಮೇಲೆ ಪೊಟ್ಟಣಗಳ ರಾಶಿ, ಕೂತು ಮಾತಾಡಿಸಿದವರು ಯಾರೂ ಇಲ್ಲ. ಒಬ್ಬರೇ ಇರುವವರಿಗೆ ಹಬ್ಬದ ದಿನಕ್ಕಿಂತ ಅದರ ತಯಾರಿಯೇ ಹೆಚ್ಚು ಒದಗುತ್ತದೆ. ಬೆಲ್ಲ, ಕೊಬ್ಬರಿ ಹೆಚ್ಚುವುದು ಅವಸರದಲ್ಲಿ ಆಗುವ ಕೆಲಸವಲ್ಲ. ಕೈ ಆಡುತ್ತಿದ್ದರೆ ಬಾಯಿಯೂ ಆಡುತ್ತದೆ. ಹಾಗಾಗಿ ಎಳ್ಳುಬೆಲ್ಲವನ್ನು ಅಕ್ಕಪಕ್ಕದವರೆಲ್ಲ ಒಟ್ಟಿಗೆ ಕೂತು ಮಾಡಿ.

40 ಮನೆಗೆ ತಲಾ 100 ಗ್ರಾಂ ಲೆಕ್ಕದಲ್ಲಿ ಬಿಳಿ ಎಳ್ಳು ಅರ್ಧ ಕೆಜಿ, ಕಡಲೆಬೀಜ, ಹುರಿಗಡಲೆ, ಅಚ್ಚುಬೆಲ್ಲ ಒಂದೊಂದು ಕೆಜಿ, ಒಣಕೊಬ್ಬರಿ ಮುಕ್ಕಾಲು ಕೆಜಿ ಸಾಕು. ಹಬ್ಬಕ್ಕೆ ಮುಂಚಿನ ಎರಡು ಭಾನುವಾರ, ಸಂಜೆ 4ರಿಂದ 6 ಸೇರಿ. ಮೊದಲ ವಾರ ಬೆಲ್ಲ: ಅಡಿಕೆ ಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ ಪೇಪರ್ ಮೇಲೆ ಹರಡಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಎರಡನೇ ವಾರ ಕೊಬ್ಬರಿ: ಕಂದು ಸಿಪ್ಪೆ ತುರಿದು ತೆಗೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ. ಇದನ್ನು ಮೊದಲೇ ಹೆಚ್ಚಿಟ್ಟರೆ ಕಮಟು ವಾಸನೆ ಬರುತ್ತದೆ. ಕಡಲೆಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಬೇಳೆ ಮಾಡಬೇಕು. ಎಳ್ಳನ್ನು ಹಬ್ಬದ ಹಿಂದಿನ ದಿನ ಚಟಪಟ ಅನ್ನುವಷ್ಟು ಹುರಿದರೆ ಸಾಕು, ಆದರೆ ಪೂರ್ತಿ ಆರುವ ತನಕ ಬೆರೆಸಕೂಡದು. ಬಿಸಿ ಇದ್ದರೆ ಬೆಲ್ಲ ಬೆವರಿ ಎಲ್ಲ ಅಂಟುಂಡೆ.

ಕೈ ನಡುಗುವವರಿಗೆ ಕತ್ತರಿ ಬೇಡ, ಕಡಲೆಬೀಜ ಬಿಡಿಸಲು ಕೊಡಿ. ಪಿಜಿಯ ಹುಡುಗರಿಗೆ ಮೊರ ಹಿಡಿಯಲು ಬರುವುದಿಲ್ಲ. ಕೇರಲು ಗೊತ್ತಿರುವ ಅಜ್ಜಿಯ ಪಕ್ಕ ಕೂರಿಸಿ, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಒಂದು ಗುಂಪಿಗೆ ಐದಾರು ಜನ ಸಾಕು, ಟಿವಿ, ಸ್ಪೀಕರ್ ಬೇಡ. ಕಿವಿ ಮಂದವಾದವರು ಗದ್ದಲದಲ್ಲಿ ಸುಮ್ಮನೆ ನಕ್ಕು ಎದ್ದುಹೋಗುತ್ತಾರೆ.

ಕರೆಯುವುದು ಹೇಗೆ? ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಬರುವವರು ಯಾವಾಗಲೂ ಬರುವವರೇ. ಬಾಗಿಲು ತಟ್ಟಬೇಕು. "ಒಬ್ಬರೇ ಇದೀರಲ್ಲ, ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ಆಂಟಿ, ಕೊಬ್ಬರಿ ಹೆಚ್ಚೋಕೆ ಕೈ ಸಾಲ್ತಿಲ್ಲ, ಸ್ವಲ್ಪ ಬರ್ತೀರಾ?" ಅನ್ನಿ. ಕರೆದುಕೊಂಡು ಹೋಗಲೂ ಒಬ್ಬರು ಬೇಕು, ಲಿಫ್ಟ್‌ವರೆಗೆ ಬಂದು ವಾಪಸಾಗುವವರೇ ಹೆಚ್ಚು.

ಅರಿಶಿನ ಕುಂಕುಮದ ವಿಷಯ ನೇರವಾಗಿ ಹೇಳಬೇಕು. ಮುತ್ತೈದೆಯರಿಗೆ ಮಾತ್ರ ತಟ್ಟೆ ಹಿಡಿದರೆ, ಗಂಡನನ್ನು ಕಳೆದುಕೊಂಡವರು ಮುಂದಿನ ವರ್ಷ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಬಟ್ಟಲನ್ನು ಮೇಜಿನ ಮೇಲಿಡಿ, ಬೇಕಾದವರು ತೆಗೆದುಕೊಳ್ಳಲಿ. ಎಳ್ಳು, ಹೂವು, ಬಾಳೆಹಣ್ಣು, ಕಬ್ಬಿನ ತುಂಡು ಎಲ್ಲರಿಗೂ ಒಂದೇ. ವರ್ಷದೊಳಗೆ ಸಾವಾಗಿ ಹಬ್ಬ ಮಾಡದ ಮನೆಗೆ ಎಳ್ಳು ತರಬಹುದೇ ಎಂದು ಮೊದಲೇ ಕೇಳಿ. ಬೇಡವೆಂದರೂ ಬರಿಗೈಯಲ್ಲಿ ಹೋಗಿ ಕೂತು ಬನ್ನಿ. ಹಬ್ಬದ ಹೊತ್ತಿನಲ್ಲಿ ಎಲ್ಲರೂ ಬಿಟ್ಟು ನಡೆಯುವ ಬಾಗಿಲು ಅದೇ.

ಹಲ್ಲುಸೆಟ್ಟಿನವರಿಗೆ ಮಿಶ್ರಣವನ್ನು ತರಿತರಿಯಾಗಿ ಪುಡಿ ಮಾಡಿ ಕೊಡಿ, ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕುವ ಮುಂಚೆಯೇ ಒಂದಿಷ್ಟು ತೆಗೆದಿಡಿ. ಒಂದೇ ಸಂಜೆ ನಲವತ್ತೂ ಮನೆ ಮುಗಿಸಬೇಕಿಲ್ಲ. ರಥಸಪ್ತಮಿಯವರೆಗೂ ಎಳ್ಳು ಬೀರುವ ರೂಢಿ ಅನೇಕ ಕಡೆ ಇದೆ. ದಿನಕ್ಕೆ ಮೂರು ಮನೆ, ಅರ್ಧರ್ಧ ಗಂಟೆ, ಚಪ್ಪಲಿ ಬಿಟ್ಟು ಒಳಗೆ ಹೋಗಿ.

ಊಟ ನಿದ್ದೆ ಬಿಟ್ಟವರು, ಬದುಕೇ ಬೇಡವೆನ್ನುವವರು ಕಂಡರೆ ಎಳ್ಳುಬೆಲ್ಲ ಸಾಲದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಇತರ ತೊಂದರೆಗಳಿಗೆ ಎಲ್ಡರ್‌ಲೈನ್ 14567 ಇದೆ.

ಹಬ್ಬ ಮುಗಿದ ಮಾರನೆಯ ವಾರ ಎಲ್ಲ ತಣ್ಣಗಾಗಿಬಿಡುತ್ತದೆ. ಹಾಗಾಗಿ ಕೊನೆಯ ಭಾನುವಾರ ಎಲ್ಲರೂ ಎದ್ದುಹೋಗುವ ಮೊದಲೇ ಮುಂದಿನ ಕೆಲಸ ಗೊತ್ತುಮಾಡಿ. ಮಾರ್ಚ್ ಬಿಸಿಲಿಗೆ ಸಬ್ಬಕ್ಕಿ ಸಂಡಿಗೆ ಒಳ್ಳೆಯದು. ಟೆರೇಸಿನ ಬೀಗದ ಕೈಯನ್ನು ಮಾತ್ರ ಅಸೋಸಿಯೇಷನ್‌ನವರ ಹತ್ತಿರ ಈಗಲೇ ಕೇಳಿಡಿ.