ಬೆಟದೂರಿನ ಹನುಮಂತಪ್ಪ ಮತ್ತು ಆ ಆರು ದಿನ

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಬಂದಾಗಲೆಲ್ಲ ನಮ್ಮ ಕಡೆ ಮೊದಲು ಕೇಳುವ ಮಾತು ‘ಪವಾಡ’. ಹಿಮದಡಿ ಆರು ದಿನ ಬದುಕಿದ್ದರು ಎನ್ನುವಲ್ಲಿಗೆ ಮಾತು ಮುಗಿದುಬಿಡುತ್ತದೆ. ಈಗ ಹೈಸ್ಕೂಲಿನಲ್ಲಿರುವ ಮಕ್ಕಳು 2016ರಲ್ಲಿ ಇನ್ನೂ ಕೂಸುಗಳು. ಆ ಆರು ದಿನ ಅಲ್ಲಿ ನಡೆದದ್ದೇನು ಎಂದು ಅವರಿಗೆ ಬಿಡಿಸಿ ಹೇಳಲೆಂದೇ ಇದನ್ನು ಬರೆದಿದ್ದೇನೆ.

ಬೆಟದೂರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಊರು. ಎರೆಮಣ್ಣಿನ, ಮಳೆ ನಂಬಿದ ಸೀಮೆ. ಒಕ್ಕಲುತನದ ಮನೆಯಲ್ಲಿ ಬೆಳೆದ ಹನುಮಂತಪ್ಪ 2002ರ ಅಕ್ಟೋಬರಿನಲ್ಲಿ ಸೈನ್ಯ ಸೇರಿದರು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಅವರದು. ಆ ರೆಜಿಮೆಂಟಿನ ರಣಘೋಷ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’. ‘ಅಡಿ’ ಎಂದರೆ ಹೊಡಿ; ಕನ್ನಡದ ಕಿವಿಗೂ ಅರ್ಧ ತಿಳಿಯುವ ಮಾತು. 13 ವರ್ಷದ ಸೇವೆಯಲ್ಲಿ 10 ವರ್ಷ ಜಮ್ಮು-ಕಾಶ್ಮೀರ, ಈಶಾನ್ಯದಂಥ ಕಠಿಣ ಜಾಗಗಳಲ್ಲೇ ಕಳೆದರು. 2015ರ ಆಗಸ್ಟಿನಿಂದ ದೇಶದ ಉತ್ತರ ತುದಿಯ ಹಿಮನದಿ ಸಿಯಾಚಿನ್‌ನಲ್ಲಿದ್ದರು. ಆಗ ವಯಸ್ಸು 33.

ಸಿಯಾಚಿನ್‌ಗೆ ಯಾರನ್ನೂ ನೇರವಾಗಿ ಹತ್ತಿಸುವುದಿಲ್ಲ. ಎತ್ತರಕ್ಕೆ ಮೈ ಒಗ್ಗಲು ಮೂರು ಹಂತಗಳಿವೆ: 9,000 ಅಡಿ ದಾಟಿದ ಮೇಲೆ 6 ದಿನ, 12,000 ದಾಟಿದರೆ 4 ದಿನ, 15,000 ದಾಟಿದರೆ ಮತ್ತೆ 4 ದಿನ. ಮೊದಲ ಎರಡು ದಿನ ಬರೀ ವಿಶ್ರಾಂತಿ. ಅವಸರ ಮಾಡಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿಕೊಳ್ಳುತ್ತದೆ. ಎಂಥ ಗಟ್ಟಿಗನೂ ಒಂದೆರಡು ದಿನದಲ್ಲಿ ಹೋಗಿಬಿಡಬಹುದು. ಕೈಗವಸಿನೊಳಗೆ ಬೆವರಿದರೆ ಆ ಬೆವರೇ ಹೆಪ್ಪುಗಟ್ಟಿ ಬೆರಳು ಕೊಳೆಯುತ್ತದೆ. ಬರಿಗೈಯಲ್ಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿ ಕಿತ್ತು ಬರುತ್ತದೆ. ಬಿಸಿಲೇರಿದರೆ ಹಿಮ ಸಡಿಲಾಗುವುದರಿಂದ ನಡಿಗೆ ಕತ್ತಲಲ್ಲೇ, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು.

ಹನುಮಂತಪ್ಪ ಇದ್ದ ಸೋನಮ್ ಠಾಣೆ ಸುಮಾರು 19,600 ಅಡಿ ಎತ್ತರದ್ದು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನಲ್ಲಿ ಸಿಗುವುದರ ಹತ್ತಿರ ಹತ್ತಿರ ಅರ್ಧ. 2016ರ ಫೆಬ್ರುವರಿ 3ರಂದು ಮಂಜುಗಡ್ಡೆಯ ದೊಡ್ಡ ಗೋಡೆಯೊಂದು ಕುಸಿದು ಠಾಣೆಯ ಮೇಲೆ ಬಿತ್ತು. ಅಲ್ಲಿದ್ದ ಹತ್ತೂ ಜನ ಹೂತುಹೋದರು.

ಹಿಮದಡಿ ಸಿಕ್ಕವರನ್ನು ಚಳಿಗಿಂತ ಮೊದಲು ಕೊಲ್ಲುವುದು ಉಸಿರು. ಇದು ತಿಳಿಯಬೇಕಾದರೆ ನಮ್ಮ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಳಿ, ನೆನೆಸಿಕೊಳ್ಳಿ. ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ತಿಳಿದವರು ಯಾರೂ ಇಳಿಯುವುದಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಲೆಕ್ಕ. ಹಿಮದಡಿಯೂ ಹಾಗೆಯೇ. ಬಿಟ್ಟ ಉಸಿರೇ ಸುತ್ತ ಉಳಿಯುತ್ತದೆ, ಜೊತೆಗೆ ಅದರ ತೇವ ಮುಖದೆದುರಿನ ಹಿಮವನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿ, ಗಾಳಿ ದಾಟದ ಗಾಜಿನಂಥ ಪದರ ಆಗುತ್ತದೆ. ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಉಳಿಯುವವರು ಕೆಲವರೇ. ಹನುಮಂತಪ್ಪ ಇದ್ದ ಡೇರೆ ಪೂರ್ತಿ ಜಜ್ಜಿಹೋಗದೆ ಒಳಗೆ ಒಂದಿಷ್ಟು ಟೊಳ್ಳು ಉಳಿದಿತ್ತು. ಜೀವ ಹಿಡಿದದ್ದು ಆ ಗಾಳಿಯ ಮೇಲೆ. ಅಷ್ಟು ದಿನ ಹೇಗೆ ಸಾಕಾಯಿತೆಂದು ಕೇಳಿದರೆ, ನನ್ನ ಬಳಿಯೂ ಉತ್ತರವಿಲ್ಲ.

ಹುಡುಕಿದವರ ಕೆಲಸವನ್ನೂ ಅಷ್ಟೇ ನೆನೆಯಬೇಕು. 150ಕ್ಕೂ ಹೆಚ್ಚು ಯೋಧರು. ಡಾಟ್, ಮಿಶಾ ಎಂಬ ಎರಡು ನಾಯಿಗಳು. ಹಿಮದ ಆಳ ನೋಡುವ ರಾಡಾರ್, ರೇಡಿಯೊ ಸಂಕೇತ ಹಿಡಿಯುವ ಉಪಕರಣ, ಬಂಡೆ ಕೊರೆಯುವ ಯಂತ್ರ, ಮಂಜುಗಡ್ಡೆ ಕತ್ತರಿಸುವ ಗರಗಸ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಹೆಲಿಕಾಪ್ಟರ್ ಬಹಳ ಕಡಿಮೆ ತೂಕ ಎತ್ತುತ್ತದೆ. ಬಿದ್ದದ್ದು ಪುಡಿ ಹಿಮವೂ ಅಲ್ಲ, ಕಾಂಕ್ರೀಟಿನಷ್ಟು ಗಟ್ಟಿಯಾದ ನೀಲಿ ಮಂಜುಗಡ್ಡೆ. ಅದನ್ನು 25 ಅಡಿಗೂ ಮಿಕ್ಕಿ ಕೊರೆದರು. ರಾತ್ರಿಯ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಫೆಬ್ರುವರಿ 8ರ ರಾತ್ರಿ ಹನುಮಂತಪ್ಪ ಸಿಕ್ಕರು, ಉಸಿರಿತ್ತು.

ಮರುದಿನವೇ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಮೂಳೆ ಮುರಿದಿರಲಿಲ್ಲ, ಹಿಮಗಾಯವೂ ಇರಲಿಲ್ಲ. ಹಾಗಿದ್ದರೆ ಏಕೆ ಉಳಿಯಲಿಲ್ಲ ಎಂದು ಇಂದಿಗೂ ಕೇಳುವವರಿದ್ದಾರೆ. ನೀರಿಲ್ಲದೆ ಮೈ ಬತ್ತಿತ್ತು, ಮೂತ್ರಪಿಂಡ ಮತ್ತು ಯಕೃತ್ತು ಕೆಲಸ ನಿಲ್ಲಿಸಿದ್ದವು, ನ್ಯುಮೋನಿಯಾ ಹತ್ತಿತ್ತು. ಇಷ್ಟು ತಣ್ಣಗಾದ ದೇಹವನ್ನು ಬೆಚ್ಚಗೆ ಮಾಡುವುದೇ ಒಂದು ಗಂಡಾಂತರ. ಸೆಟೆದ ಭಾಗಗಳಿಗೆ ರಕ್ತ ಮತ್ತೆ ಹರಿದಾಗ, ಅಲ್ಲಿ ದಿನಗಟ್ಟಲೆ ಕೂಡಿದ್ದ ನಂಜು ಒಮ್ಮೆಲೇ ಹೃದಯಕ್ಕೆ ಬರುತ್ತದೆ. ಅದಕ್ಕೇ ವೈದ್ಯರು ಆ ದಿನಗಳನ್ನು ಅತಿ ಸೂಕ್ಷ್ಮ ಎಂದಿದ್ದರು. ಫೆಬ್ರುವರಿ 11ರ ಬೆಳಿಗ್ಗೆ 11.45ಕ್ಕೆ ತೀರಿಕೊಂಡರು.

ಮರುದಿನ ಬೆಟದೂರಿನಲ್ಲಿ, ಗ್ರಾಮ ಪಂಚಾಯಿತಿಯ ಜಾಗದಲ್ಲಿ ಮಣ್ಣು ಮಾಡಿದರು. ಹಿಂಗಾರಿ ಸುಗ್ಗಿಯ ಹೊತ್ತದು. ಆದರೂ ಸುತ್ತಲಿನ ಹಳ್ಳಿಗಳಿಂದ ಜನ ಸಾವಿರಗಟ್ಟಲೆ ಬಂದರು. ಮುಂದೆ ಮರಣೋತ್ತರವಾಗಿ ಸೇನಾ ಪದಕ ಬಂತು.

ಹಿಮದಡಿಯೇ ತೀರಿಕೊಂಡ ಉಳಿದ ಒಂಬತ್ತು ಜನರೂ ಹೀಗೆಯೇ ಮನೆ-ಊರು ಬಿಟ್ಟು ಹೋದವರು. ಅವರಲ್ಲಿ ಇನ್ನಿಬ್ಬರು ನಮ್ಮ ರಾಜ್ಯದವರೇ: ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್. ಮುಂದಿನ ಫೆಬ್ರುವರಿಯಲ್ಲಿ ಹನುಮಂತಪ್ಪ ಅವರ ಪಟಕ್ಕೆ ಹಾರ ಹಾಕುವಾಗ, ಕರಿಹಲಗೆಯ ಮೇಲೆ ಈ ಎರಡು ಹೆಸರನ್ನೂ ಬರೆಯಿರಿ.